ಹರಿಕೇನ್ ಬೆನ್ನಟ್ಟಲು ಪಿಕಪ್ ಸಜ್ಜು ಮಾಡಿದ ಕಥೆ: ನನ್ನ ಟಕೋಮಾದ ಕೆಲಸದ ದಾಖಲೆ

ಹರಿಕೇನ್, ಅಂದರೆ ಅಟ್ಲಾಂಟಿಕ್ ಕಡಲಿನ ಚಂಡಮಾರುತದ ಹಿಂದೆ ಹೋಗುವ ಗಾಡಿ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎತ್ತರ ಮಾಡಿಸಿದ್ದೀಯ? ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಹಾಕಿಸಿದ್ದೀಯಾ? ನನ್ನ 2011ರ ಟೊಯೋಟಾ ಟಕೋಮಾಗೆ ಇವೆರಡೂ ಇಲ್ಲ. ಬೇಕಂತಲೇ ಹಾಕಿಸಿಲ್ಲ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಮಾಡಿದ ಒಂದೊಂದು ಕೆಲಸವೂ ಅದಕ್ಕೇ ಹೊಂದಿಕೊಳ್ಳುತ್ತದೆ.

ಸುಂಟರಗಾಳಿಯನ್ನು ಬೆನ್ನಟ್ಟುವವರು ದಿನವಿಡೀ ಓಡುತ್ತಾರೆ, ಕೆಲವು ನಿಮಿಷ ನೋಡುತ್ತಾರೆ. ಹರಿಕೇನ್ ಹಾಗಲ್ಲ. ಅದು ಎಲ್ಲಿಗೆ ಬರುತ್ತದೆ ಅಂತ ಎರಡು ಮೂರು ದಿನ ಮೊದಲೇ ಸುಮಾರಾಗಿ ಗೊತ್ತಿರುತ್ತದೆ. ಅದು ಬರುವ ಮೊದಲೇ ಹೋಗಿ ಒಂದು ಗಟ್ಟಿ ಜಾಗದಲ್ಲಿ ನಿಲ್ಲಬೇಕು. ಗಾಳಿ ಜೋರಾದ ಮೇಲೆ ಗಾಡಿ ಅಲ್ಲಾಡಿಸಬಾರದು. ಹದಿನೈದು ಇಪ್ಪತ್ತು ಗಂಟೆ ಅಲ್ಲೇ ಇರಬೇಕು. ಕರೆಂಟ್ ಇರುವುದಿಲ್ಲ, ಪೆಟ್ರೋಲ್ ಸಿಗುವುದಿಲ್ಲ, ಫೋನ್ ಸಿಗ್ನಲ್ ಇದ್ದರೂ ನಂಬಲಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಯಾರ ಸಹಾಯವನ್ನೂ ಕೇಳದೆ ನಾವೇ ಹೊರಗೆ ಬರಬೇಕು. ಅಂದರೆ ಈ ಗಾಡಿಗೆ ಮೂರೇ ಕೆಲಸ: ಕಾಯುವುದು, ಅಳೆಯುವುದು, ವಾಪಸ್ ಬರುವುದು. ನೀರಿಗೆ ನುಗ್ಗುವುದು ಆ ಪಟ್ಟಿಯಲ್ಲೇ ಇಲ್ಲ.

ಸ್ನಾರ್ಕೆಲ್ ಎಂಜಿನ್ ಒಳಗೆ ನೀರು ಹೋಗದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಗಾಡಿ ತೇಲುವುದನ್ನು ಅದು ತಡೆಯುವುದಿಲ್ಲ. ಹರಿಯುವ ನೀರು 2 ಅಡಿ ಇದ್ದರೆ ಸಾಕು, ಪಿಕಪ್‌ಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ ಅಂತ ಅಮೆರಿಕದ ಹವಾಮಾನ ಇಲಾಖೆ ವರ್ಷಾ ವರ್ಷಾ ಹೇಳುತ್ತಲೇ ಇದೆ. 1963ರಿಂದ 2012ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳಿಗೆ ನೇರವಾಗಿ ಸಿಕ್ಕಿ ಅಮೆರಿಕದಲ್ಲಿ ಸತ್ತವರ ಲೆಕ್ಕವನ್ನು ನ್ಯಾಷನಲ್ ಹರಿಕೇನ್ ಸೆಂಟರ್‌ನ ಎಡ್ವರ್ಡ್ ರ‍್ಯಾಪಪೋರ್ಟ್ ತೆಗೆದರು. ಹತ್ತರಲ್ಲಿ ಒಂಬತ್ತು ಸಾವು ನೀರಿನಿಂದ ಆಗಿದ್ದವು, ಗಾಳಿಯಿಂದ ಅಲ್ಲ. ಸ್ನಾರ್ಕೆಲ್ ಇದ್ದರೆ ಒಂದಲ್ಲ ಒಂದು ದಿನ "ಇಷ್ಟು ನೀರು ದಾಟಬಹುದು" ಅಂತ ಮನಸ್ಸು ಹೇಳುತ್ತದೆ. ಆ ಆಸೆಗೆ ಗಾಡಿಯಲ್ಲಿ ಜಾಗವೇ ಇರಬಾರದು ಅನ್ನುವುದು ನನ್ನ ತೀರ್ಮಾನ.

ತೂಕದಿಂದ ಶುರು

ನನ್ನದು ಡಬಲ್ ಕ್ಯಾಬ್, 4.0 ಲೀಟರ್ ವಿ6, ಫೋರ್ ವೀಲ್ ಡ್ರೈವ್. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಪ್ರಕಾರ ಜನ ಮತ್ತು ಸಾಮಾನು ಸೇರಿ ಸುಮಾರು 1,100 ಪೌಂಡ್, ಅಂದರೆ 500 ಕಿಲೋ ಹೊರಬಹುದು. ಕೇಳಲು ಬಹಳ ಅನ್ನಿಸುತ್ತದೆ, ಅಲ್ವಾ? ಇಬ್ಬರು ಕೂತರೆ 340 ಪೌಂಡ್ ಹೋಯಿತು. ಜಾಸ್ತಿ ಪೆಟ್ರೋಲ್ 20 ಗ್ಯಾಲನ್ ಅಂದರೆ ಕ್ಯಾನ್ ಸೇರಿ 140 ಪೌಂಡ್. ಕುಡಿಯುವ ನೀರು, ಎರಡು ಸ್ಟೆಪ್ನಿ, ಮರ ಕತ್ತರಿಸುವ ಚೈನ್ ಸಾ, ಸರಪಳಿ, ಜಾಕಿ, ಬ್ಯಾಟರಿ, ಕಬ್ಬಿಣದ ರ‍್ಯಾಕ್ ಎಲ್ಲ ಸೇರಿಸುತ್ತಾ ಹೋದರೆ ಮಿತಿ ಮುಟ್ಟಲು ಹೊತ್ತು ಬೇಡ. ಹಾಗಾಗಿ ಪ್ರತಿಯೊಂದು ವಸ್ತುವನ್ನೂ ಮನೆಯ ತಕ್ಕಡಿ ಮೇಲಿಟ್ಟು, ಬರೆದುಕೊಂಡು ಆಮೇಲೆ ಗಾಡಿಗೆ ಹಾಕಿದೆ.

ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಜಾಸ್ತಿ ಸೇರಿಸಿದ್ದೇನೆ. ಗಾಡಿ ಎತ್ತರವಾಗಲಿ ಅಂತ ಅಲ್ಲ, ಭಾರ ಹೇರಿದಾಗ ಹಿಂಭಾಗ ಕುಸಿಯದೆ ಮಟ್ಟವಾಗಿ ನಿಲ್ಲಲಿ ಅಂತ. ಪ್ಲೇಟ್ ಸೇರಿಸಿದರೆ ಸ್ಟಿಕ್ಕರ್ ಮೇಲಿನ ಮಿತಿ ಏರುವುದಿಲ್ಲ, ಇದು ನೆನಪಿರಲಿ. ಬ್ರೇಕು, ಆಕ್ಸಲ್, ಟೈರು ಅವೇ ತಾನೆ?

ಬ್ರೀದರ್, ಅಂದರೆ ಆಕ್ಸಲ್ ಉಸಿರಾಡುವ ಸಣ್ಣ ತೂತು, ಅದರ ಕೆಲಸ ಅಗ್ಗದ್ದು, ಆದರೆ ಮುಖ್ಯ. ಆಕ್ಸಲ್ ಒಳಗೆ ಎಣ್ಣೆ ಬಿಸಿಯಾಗಿರುತ್ತದೆ. ತಣ್ಣಗಿನ ನೀರಿನ ಗುಂಡಿಯಲ್ಲಿ ಆಕ್ಸಲ್ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಉಪ್ಪುನೀರು ಒಂದು ಲೋಟ ಹೋದರೂ ಬೇರಿಂಗ್ ಕಥೆ ಮುಗಿಯಿತು. ಹಿಂದಿನ ಡಿಫರೆನ್ಷಿಯಲ್‌ನ ಬ್ರೀದರ್ ತೆಗೆದು, ಅಲ್ಲಿಂದ ಪೆಟ್ರೋಲ್ ಹೋಸ್ ಎಳೆದು, ಹಿಂದಿನ ದೀಪದ ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟಿದೆ. ತುದಿಗೆ ಒಂದು ಸಣ್ಣ ಫ್ಯುಯೆಲ್ ಫಿಲ್ಟರ್, ಧೂಳು ಹೋಗದ ಹಾಗೆ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಹೋಸ್ ಬಿಗಿಯಾಗಬಾರದು, ಅದಕ್ಕೆ ಸಡಿಲ ಬಿಡಬೇಕು. ರಸ್ತೆ ಮೇಲೆ ಮಳೆನೀರು ನಿಲ್ಲುವುದು ಟೆಕ್ಸಸ್‌ನ ಈ ಕರಾವಳಿಯಲ್ಲಿ ಸಾಮಾನ್ಯ. ಅದಕ್ಕಾಗಿ ಈ ಕೆಲಸ, ಹೊಳೆ ದಾಟಲು ಅಲ್ಲ.

ಗಾಡಿಯ ಅಡಿಗೆ ಉಣ್ಣೆಯ ಕೊಬ್ಬಿನಿಂದ ಮಾಡಿದ ಲ್ಯಾನೊಲಿನ್ ಎಣ್ಣೆ ಸ್ಪ್ರೇ ಮಾಡಿಸುತ್ತೇನೆ. ಹರಿಕೇನ್ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಆಗಿರಬೇಕು.

ಕರೆಂಟ್

ಇಲ್ಲಿ ನಾನು ಜಾಸ್ತಿ ಹೊತ್ತು ಕಳೆದೆ. ಜನರೇಟರ್ ಯಾಕೆ ಬೇಡ ಅಂತ ಹೇಳಬೇಕು. 2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಲೂಸಿಯಾನಾದ ಕ್ಯಾಮರನ್ ಹತ್ತಿರ ಗಂಟೆಗೆ 150 ಮೈಲು ಗಾಳಿಯೊಂದಿಗೆ ದಡ ಮುಟ್ಟಿತು. ಆಮೇಲೆ ಜನರೇಟರ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಹಲವರು ಸತ್ತರು. ಗಾಳಿಗೆ ಬದುಕಿದವರು, ಮನೆಯೊಳಗೆ ಮಲಗಿದಲ್ಲೇ ಹೋದರು. ನಾವು ನಿಲ್ಲುವುದು ಕಾಂಕ್ರೀಟ್ ಪಾರ್ಕಿಂಗ್ ಕಟ್ಟಡಗಳಲ್ಲಿ. ಅಲ್ಲಿ ಗಂಟೆಗಟ್ಟಲೆ ಎಂಜಿನ್ ಓಡಿಸುವುದೂ ಅಷ್ಟೇ ಅಪಾಯ. ಹಾಗಾಗಿ ಎಂಜಿನ್ ಆಫ್ ಇದ್ದಾಗಲೂ ಇಡೀ ರಾತ್ರಿ ನಡೆಯುವ ವ್ಯವಸ್ಥೆ ಬೇಕಿತ್ತು. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಕ್ಯಾಬಿನ್ನಲ್ಲಿ ಕಟ್ಟಿದ್ದೇನೆ. ಇಡೀ ಗಾಡಿಯಲ್ಲಿ ಅತಿ ಅಗ್ಗದ ವಸ್ತು ಬಹುಶಃ ಅದೇ, ಅದಿಲ್ಲದೆ ನಾನು ಹೊರಡುವುದಿಲ್ಲ.

ಮೊದಲು ಖರ್ಚಿನ ಲೆಕ್ಕ. ಸ್ಟಾರ್‌ಲಿಂಕ್ ಮಿನಿ (ಉಪಗ್ರಹದಿಂದ ಇಂಟರ್ನೆಟ್ ಕೊಡುವ ಪುಟ್ಟ ಡಿಶ್) 25ರಿಂದ 40 ವ್ಯಾಟ್ ತಿನ್ನುತ್ತದೆ. ಲ್ಯಾಪ್‌ಟಾಪ್ ಸರಾಸರಿ 30. ಅಳೆಯುವ ಉಪಕರಣಗಳು ಮತ್ತು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸೇರಿ 8. ರೇಡಿಯೋ ಸುಮ್ನೆ ಕೇಳುತ್ತಿರುವಾಗ ಸುಮಾರು 10, ಕ್ಯಾಮೆರಾ 5. ಎಲ್ಲ ಒಟ್ಟಿಗೆ 85 ವ್ಯಾಟ್ ಅಂತ ಇಟ್ಟುಕೊಂಡೆ. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 12.8 ವೋಲ್ಟ್ ಲೆಕ್ಕದಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಭಾಗಿಸಿದರೆ 15 ಗಂಟೆ. ಅದೇ ಅಳತೆಯ ಸೀಸದ ಬ್ಯಾಟರಿ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ, ಜೊತೆಗೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ.

ಲಿಥಿಯಂ ಬ್ಯಾಟರಿಯನ್ನು ಬಾನೆಟ್ ಕೆಳಗೆ ಇಡಬಾರದು, ಅಲ್ಲಿನ ಬಿಸಿ ಅದಕ್ಕೆ ಆಗದು. ಹಿಂದಿನ ಸೀಟಿನ ಅರ್ಧ ಭಾಗ ಕಳಚಿ, ಅಲ್ಲಿ ಪ್ಲೈವುಡ್ ಹಲಗೆ ಹಾಕಿ, ಸೀಟಿನ ಬೋಲ್ಟ್ ತೂತುಗಳಿಗೇ ಬಿಗಿದು ಬ್ಯಾಟರಿ ಕೂರಿಸಿದೆ. ಎಂಜಿನ್ ಓಡುವಾಗ ಚಾರ್ಜ್ ಮಾಡಲು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್. ಮುಂದಿನ ಬ್ಯಾಟರಿಯಿಂದ ಅಲ್ಲಿಗೆ 6 ಗೇಜ್ ತಂತಿ, ತವರ ಲೇಪಿಸಿದ ತಾಮ್ರದ್ದು. ದೋಣಿಗಳಿಗೆ ಹಾಕುವ ತಂತಿ ಅದು. ಸಾದಾ ತಾಮ್ರ ಉಪ್ಪು ಗಾಳಿಗೆ ಹಸಿರುಗಟ್ಟಿ ಒಳಗೊಳಗೇ ಪುಡಿಯಾಗುತ್ತದೆ. ದೋಣಿಗಳ ವೈರಿಂಗ್ ನಿಯಮದಲ್ಲೇ ಇರುವ ಹಾಗೆ ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್. ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಸುಡಬೇಕಾದ್ದು ಫ್ಯೂಸು, ಗಾಡಿಯಲ್ಲ. ಪ್ರತಿ ಕೂಡಿಕೆಯ ಮೇಲೂ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಬಿಸಿ ಮಾಡಿದಾಗ ಅಂಚಿನಿಂದ ಅಂಟು ಸ್ವಲ್ಪ ಹೊರಗೆ ಬರಬೇಕು. ಬಂದರೆ ನೀರು ಹೋಗುವುದಿಲ್ಲ ಅಂತ ಗ್ಯಾರಂಟಿ.

ಗಾಳಿ ಅಳೆಯುವುದು

ಇದೇ ಈ ಗಾಡಿಯ ಜೀವ. 1990ರ ದಶಕದ ಮಧ್ಯದಲ್ಲಿ ಒಕ್ಲಹೋಮಾದ ಬಿರುಗಾಳಿ ಸಂಶೋಧಕರು ಮಾಮೂಲಿ ಕಾರುಗಳ ಮೇಲೆ ಉಪಕರಣ ಕಟ್ಟಿ ಸುಂಟರಗಾಳಿಗಳ ಸುತ್ತ ಓಡಿಸಿದರು. ಅದೇ ಹೊತ್ತಿಗೆ, 1995ರಲ್ಲಿ, ಸಂಶೋಧಕ ಜೋಶುವಾ ವುರ್ಮನ್ ಅವರ ಲಾರಿ ಮೇಲಿನ ರಾಡಾರ್ ಶುರುವಾಯಿತು. 1996ರಲ್ಲಿ ಫ್ರಾನ್ ಚಂಡಮಾರುತಕ್ಕೆ ಅದನ್ನು ಒಯ್ದರು. ಆ ಮಟ್ಟದ ಯಂತ್ರ ನಮ್ಮಂಥವರ ಕೈಗೆ ಎಟುಕದು. ಆದರೆ ಕಾರುಗಳ ಮೇಲೆ ಕಟ್ಟಿದಂಥ ಗಾಳಿಮಾಪಕ ಇವತ್ತಿಗೂ ಸಿಗುತ್ತದೆ. ಆರ್.ಎಂ. ಯಂಗ್ ಕಂಪನಿಯ 05103. ನೋಡಲು ರೆಕ್ಕೆಯಿಲ್ಲದ ಪುಟ್ಟ ವಿಮಾನದ ಹಾಗಿದೆ: ಮುಂದೆ ನಾಲ್ಕು ಎಸಳಿನ ಪ್ರೊಪೆಲ್ಲರ್, ಹಿಂದೆ ಬಾಲ. ಸೆಕೆಂಡಿಗೆ 100 ಮೀಟರ್‌ವರೆಗೆ ಅಳೆಯುತ್ತದೆ, ಅಂದರೆ ಗಂಟೆಗೆ ಸುಮಾರು 224 ಮೈಲು. ಒಂದು ಹಳೆಯದನ್ನು ಕೊಂಡು ಬೇರಿಂಗ್ ಬದಲಾಯಿಸಿದೆ.

ಪ್ರೊಪೆಲ್ಲರ್ ಒಂದು ಸುತ್ತಿಗೆ ಮೂರು ಮಿಡಿತ ಕೊಡುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ ಬಂತೋ ಅದನ್ನು 0.098ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಗೊತ್ತಾಗುತ್ತದೆ. ತೊಡಕು ಏನೆಂದರೆ, ಗಾಳಿ ಕಡಿಮೆ ಇದ್ದಾಗ ಆ ಮಿಡಿತದ ವೋಲ್ಟೇಜ್ ಬಹಳ ಸಣ್ಣದು, ವೋಲ್ಟಿನ ಹತ್ತರಲ್ಲೊಂದು ಭಾಗದಷ್ಟೇ. ನೇರವಾಗಿ ಮೈಕ್ರೋಕಂಟ್ರೋಲರ್‌ಗೆ ಕೊಟ್ಟರೆ ಅದಕ್ಕೆ ಕಾಣುವುದೇ ಇಲ್ಲ. ನಡುವೆ ಎಲ್‌ಎಂ393 ಕಂಪ್ಯಾರೇಟರ್ ಚಿಪ್ ಹಾಕಿ, ಆ ಸಣ್ಣ ಮಿಡಿತವನ್ನು ಸ್ಪಷ್ಟ ಆನ್-ಆಫ್ ಆಗುವ ಚೌಕ ಅಲೆ ಮಾಡಿಕೊಂಡೆ.

ಗ್ಯಾರೇಜಿನಲ್ಲಿ ಎಲ್ಲ ಚೆನ್ನಾಗಿತ್ತು. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಪ್ರೊಪೆಲ್ಲರ್ ನಿಂತಿದ್ದರೂ ಪರದೆ ಮೇಲೆ ಗಾಳಿ ಬೀಸತೊಡಗಿತು! ಎಂಜಿನ್ ಆಫ್ ಮಾಡಿದರೆ ಸೊನ್ನೆ. ಡಿಸಿ-ಡಿಸಿ ಚಾರ್ಜರ್ ಫ್ಯೂಸ್ ತೆಗೆದು ಎಂಜಿನ್ ಓಡಿಸಿದೆ, ಆಗಲೂ ಸೊನ್ನೆ. ಕಳ್ಳ ಸಿಕ್ಕಿದ. ಚಾರ್ಜರ್ ಒಳಗಿನ ಸ್ವಿಚಿಂಗ್ ಸದ್ದು (ಕಿವಿಗೆ ಕೇಳುವುದಲ್ಲ, ವಿದ್ಯುತ್ತಿನ ಏರಿಳಿತ) ಗ್ರೌಂಡ್ ತಂತಿ ಮೂಲಕ ಸಣ್ಣ ಮಿಡಿತದ ಮೇಲೆ ಕೂರುತ್ತಿತ್ತು. ಮೂರು ಕೆಲಸ ಮಾಡಿದೆ. ಗಾಳಿಮಾಪಕಕ್ಕೆ ಶೀಲ್ಡ್ ಇರುವ ಕೇಬಲ್ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದೆ. ಉಪಕರಣಗಳ ಗ್ರೌಂಡನ್ನು ಗಾಡಿಯ ಬಾಡಿಗೆ ಕೊಡದೆ ಪ್ರತ್ಯೇಕ ತಂತಿಯಲ್ಲಿ ಸೀದಾ ಬ್ಯಾಟರಿಗೆ ಒಯ್ದೆ. ಕಂಪ್ಯಾರೇಟರ್‌ಗೆ ಒಂದು ರೆಸಿಸ್ಟರ್ ಸೇರಿಸಿ, ತೀರಾ ಸಣ್ಣ ಏರಿಳಿತಕ್ಕೆ ಅದು ಮಗ್ಗಲು ಬದಲಿಸದ ಹಾಗೆ ಮಾಡಿದೆ. ಸುಳ್ಳು ಗಾಳಿ ನಿಂತಿತು.

ದಿಕ್ಕು ಇನ್ನೊಂದು ತಲೆನೋವು. ಬಾಲ ತಿರುಗುವುದು ಗಾಡಿಗೆ ಹೋಲಿಸಿ. ಗಾಡಿಯ ಮೂತಿ ಯಾವ ಕಡೆ ಇದೆ ಅಂತ ಗೊತ್ತಿಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಗಾಡಿ ಚಲಿಸುತ್ತಿದ್ದರೆ ಮಾತ್ರ ಜಿಪಿಎಸ್ ದಿಕ್ಕು ಹೇಳುತ್ತದೆ. ಗಾಡಿಯೊಳಗಿನ ದಿಕ್ಸೂಚಿಯನ್ನು ಸುತ್ತಲಿನ ಉಕ್ಕು ದಾರಿ ತಪ್ಪಿಸುತ್ತದೆ. ಅದಕ್ಕೆ ಹಳೇ ಉಪಾಯವೇ ಸರಿ: ಗಾಡಿ ನಿಲ್ಲಿಸಿ, ಹದಿನೈದು ಅಡಿ ದೂರ ನಡೆದು, ಕೈ ದಿಕ್ಸೂಚಿಯಿಂದ ಗಾಡಿಯ ಉದ್ದಕ್ಕೆ ನೋಡಿ, ಬಂದ ಕೋನವನ್ನು ಕೈಯಾರೆ ಟೈಪ್ ಮಾಡುತ್ತೇನೆ.

ಗಾಳಿಮಾಪಕ ಕೂರುವ ಕಂಬ ಗಾಡಿಯ ಹಿಂದಿನ, ಸಾಮಾನು ಹಾಕುವ ಬೆಡ್‌ನ ಕಬ್ಬಿಣದ ರ‍್ಯಾಕ್‌ಗೆ ಬಿಗಿದಿದೆ, ಮೂರು ಕಡೆ ಉಕ್ಕಿನ ಹಗ್ಗ. ನೆಲದಿಂದ 3 ಮೀಟರ್. ಲೆಕ್ಕ ಹಾಕಿ ನೋಡಿದೆ: 50 ಮಿಲಿಮೀಟರ್ ದಪ್ಪದ, ಒಂದೂವರೆ ಮೀಟರ್ ಉದ್ದದ ಕೊಳವೆ ಮೇಲೆ ಸೆಕೆಂಡಿಗೆ 50 ಮೀಟರ್ ಗಾಳಿ ಬೀಸಿದರೆ ಸುಮಾರು 14 ಕಿಲೋ ತೂಕದಷ್ಟು ಒತ್ತುತ್ತದೆ. ಕೊಳವೆ ತಡೆಯುತ್ತದೆ. ಅದೇ ಗಾಳಿ ಗಾಡಿಯ ಮಗ್ಗುಲಿಗೆ ಬಡಿದರೆ ಹೆಚ್ಚುಕಡಿಮೆ ಒಂದು ಟನ್ ಒತ್ತಡ. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ತೆರೆದ ಜಾಗದಲ್ಲಿ ಗಾಡಿಯ ಮೂತಿ ಯಾವಾಗಲೂ ಗಾಳಿಗೆ ಎದುರಾಗಿರಬೇಕು ಅನ್ನುವುದು ಅದಕ್ಕೇ.

ಅಂಕಿ ಓದುವಾಗ ಒಂದು ಎಚ್ಚರ. ಹವಾಮಾನ ಕೇಂದ್ರಗಳ ಲೆಕ್ಕ 10 ಮೀಟರ್ ಎತ್ತರದ್ದು. ಬಯಲು ಜಾಗದಲ್ಲಿ 10 ಮೀಟರ್ ಎತ್ತರದ ಗಾಳಿ 3 ಮೀಟರ್ ಎತ್ತರದ್ದಕ್ಕಿಂತ ಸುಮಾರು ಕಾಲು ಭಾಗ ಜಾಸ್ತಿ ಇರುತ್ತದೆ. ಮನೆಗಳ ನಡುವೆ ಆ ಲೆಕ್ಕವೂ ನಡೆಯುವುದಿಲ್ಲ. ಇನ್ನೊಂದು, ಅಮೆರಿಕದಲ್ಲಿ ಚಂಡಮಾರುತದ ವೇಗ ಅಂದರೆ 1 ನಿಮಿಷದ ಸರಾಸರಿ. ಭಾರತದ ಹವಾಮಾನ ಇಲಾಖೆ 3 ನಿಮಿಷದ ಸರಾಸರಿ ಹೇಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಉಡುಪಿ, ಕಾರವಾರದ ಕಡಲನ್ನು ಕೆರಳಿಸಿ ಗುಜರಾತಿಗೆ ಹೋಯಿತಲ್ಲ, ಅದರ ಅಂಕಿಯನ್ನು ಇಲ್ಲಿನದರ ಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಹೇಳಲು ಹೋಗಬಾರದು. ನನ್ನ ಪ್ರೋಗ್ರಾಂ 3 ಸೆಕೆಂಡ್, 1 ನಿಮಿಷ, 3 ನಿಮಿಷ ಮೂರನ್ನೂ ಬರೆದಿಡುತ್ತದೆ.

ವಾಯುಭಾರ

ಗಾಳಿಗಿಂತ ವಾಯುಭಾರದ ಅಂಕಿಯನ್ನು ನಾನು ಜಾಸ್ತಿ ನಂಬುತ್ತೇನೆ. ಮರ, ಗೋಡೆ ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಚಂಡಮಾರುತದ ನಡುಭಾಗ, ಅಂದರೆ ಕಣ್ಣು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಇಂಟರ್ನೆಟ್ ಇಲ್ಲದೆಯೂ ಅದು ಹೇಳುತ್ತದೆ. ಲಾರಾ ಬಂದ ರಾತ್ರಿ ಲೂಸಿಯಾನಾದ ಲೇಕ್ ಚಾರ್ಲ್ಸ್‌ನ ಹವಾಮಾನ ರಾಡಾರೇ ಕಿತ್ತುಹೋಗಿತ್ತು. ಅಂಥ ಹೊತ್ತಲ್ಲಿ ಪಕ್ಕದಲ್ಲಿ ಒಂದು ಬ್ಯಾರೋಮೀಟರ್ ಇರಲೇಬೇಕು.

ಬಾಷ್ ಕಂಪನಿಯ ಬಿಎಂಇ280 ಚಿಪ್ ಅಗ್ಗ, ಉಗುರಿಗಿಂತ ಚಿಕ್ಕದು, ಸುಮಾರು 1 ಹೆಕ್ಟೊಪ್ಯಾಸ್ಕಲ್ (ವಾಯುಭಾರದ ಅಳತೆ) ಒಳಗೆ ಸರಿಯಾಗಿ ಹೇಳುತ್ತದೆ. ಚಿಪ್ ಕಷ್ಟದ್ದಲ್ಲ, ಅದನ್ನು ಎಲ್ಲಿ ಇಡುವುದು ಅನ್ನುವುದೇ ಕಷ್ಟ. ಸೆಕೆಂಡಿಗೆ 40 ಮೀಟರ್ ಗಾಳಿ ಒಂದು ತೂತಿಗೆ ನೇರವಾಗಿ ಹೊಡೆದರೆ ಒಳಗೆ 9.6 ಹೆಕ್ಟೊಪ್ಯಾಸ್ಕಲ್ ಜಾಸ್ತಿ ತೋರಿಸುತ್ತದೆ. ಅದೇ ಗಾಳಿ ಪಕ್ಕದಿಂದ ಸರಿದು ಹೋದರೆ ಹೀರಿಕೊಂಡು ಕಡಿಮೆ ತೋರಿಸುತ್ತದೆ. ಒಂದು ಚಂಡಮಾರುತದ ದರ್ಜೆಯನ್ನೇ ತಪ್ಪಾಗಿ ಊಹಿಸುವಷ್ಟು ವ್ಯತ್ಯಾಸ ಅದು. ಕ್ಯಾಬಿನ್ ಒಳಗೆ ಇಟ್ಟರೆ ಬಾಗಿಲು ಹಾಕಿದಾಗ, ಏಸಿ ಫ್ಯಾನ್ ತಿರುಗಿಸಿದಾಗ ಗೆರೆ ಕುಣಿಯುತ್ತದೆ.

ಇದಕ್ಕೆ ಗಿಲ್ ಪೋರ್ಟ್ ಅಂತ ಒಂದು ಭಾಗ ಸಿಗುತ್ತದೆ. ಒಂದರ ಮೇಲೊಂದು ತಟ್ಟೆ ಜೋಡಿಸಿದಂತಿದ್ದು, ಯಾವ ಕಡೆಯಿಂದ ಗಾಳಿ ಬಂದರೂ ಅದರ ಒತ್ತು ಒಳಗೆ ಹೋಗದ ಹಾಗೆ ಮಾಡಿರುತ್ತಾರೆ. ಅದನ್ನು ಕಂಬದ ಅಡ್ಡಪಟ್ಟಿಗೆ ಬಿಗಿದು, ಅಲ್ಲಿಂದ ಸಣ್ಣ ಕೊಳವೆ ಎಳೆದು ಸೆನ್ಸರ್ ಇರುವ ಮುಚ್ಚಿದ ಪೆಟ್ಟಿಗೆಗೆ ಕೊಟ್ಟೆ. ಕೊಳವೆ ನಡುವೆ ಒಂದು ತಗ್ಗಿನ ಸುರುಳಿ ಬಿಟ್ಟು, ಅಲ್ಲಿ ನೀರು ಕೂರಲು ಪುಟ್ಟ ಬಾಟಲಿ ಸೇರಿಸಿದೆ. ಅಡ್ಡ ಹೊಡೆಯುವ ಮಳೆಯ ಒಂದು ಹನಿ ಕೊಳವೆಯಲ್ಲಿ ಸಿಕ್ಕಿಕೊಂಡರೂ ಅಂಕಿ ಕೆಡುತ್ತದೆ.

ಪರೀಕ್ಷೆಗೆ ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿ, ಅವರು ಗಂಟೆಗೊಮ್ಮೆ ಕೊಡುವ ಅಂಕಿಯ ಜೊತೆ ಹೋಲಿಸಿದೆ. ಬೇರೆ ಬೇರೆ ದಿನ ನೋಡಿದರೂ ವ್ಯತ್ಯಾಸ ಒಂದೇ ಇತ್ತು, ಅದನ್ನು ಪ್ರೋಗ್ರಾಂನಲ್ಲಿ ಕಳೆದೆ. ಆಮೇಲೆ ಹೆದ್ದಾರಿಯಲ್ಲಿ 70 ಮೈಲು ವೇಗದಲ್ಲಿ ಓಡಿಸಿದೆ. ಗೆರೆ ಬಹುಪಾಲು ಮಟ್ಟವಾಗಿಯೇ ಇತ್ತು, ಲಾರಿ ದಾಟುವಾಗ ಮಾತ್ರ ಒಂದು ನಡುಕ. ಎತ್ತರದ ಲೆಕ್ಕವೂ ಮರೆಯಬಾರದು. 8 ಮೀಟರ್ ಮೇಲೆ ಹೋದರೆ ಸುಮಾರು 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ, ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿಯಲ್ಲಿ ಅದನ್ನು ಸೇರಿಸಬೇಕು.

ಗಾಜು, ಟೈರು, ಉಳಿದದ್ದು

1983ರ ಆಗಸ್ಟ್‌ನಲ್ಲಿ ಅಲಿಶಿಯಾ ಚಂಡಮಾರುತ ಬಂದಾಗ ಹ್ಯೂಸ್ಟನ್ ಪೇಟೆಯ ಎತ್ತರದ ಕಟ್ಟಡಗಳ ಗಾಜುಗಳು ರಾಶಿ ರಾಶಿ ಒಡೆದವು. ಪಕ್ಕದ ಚಾವಣಿಗಳ ಮೇಲೆ ಹಾಸಿದ್ದ ಜಲ್ಲಿಕಲ್ಲು ಹಾರಿ ಬಡಿದದ್ದು ಅದಕ್ಕೆ ದೊಡ್ಡ ಕಾರಣ. ಗಾಡಿಗೂ ಅದೇ ಭಯ. ಪಕ್ಕದ ಕಿಟಕಿಗಳಿಗೆ 6 ಮಿಲಿಮೀಟರ್ ಪಾಲಿಕಾರ್ಬೊನೇಟ್ ಹಲಗೆ ಕತ್ತರಿಸಿ, ನಿಂತ ಮೇಲೆ ಹೊರಗಿನಿಂದ ಬಿಗಿಯುವ ಹಾಗೆ ಮಾಡಿಕೊಂಡೆ. ಡ್ರೈವರ್ ಬಾಗಿಲದ್ದನ್ನು ಒಳಗಿನಿಂದ ಬಿಚ್ಚಬಹುದು, ಹೊರಬರುವ ದಾರಿ ಮುಚ್ಚಬಾರದಲ್ಲ. ಹಿಂದಿನ ಬೆಡ್‌ಗೆ ಬಟ್ಟೆಯ ಮುಚ್ಚಳ ಇತ್ತು, ತೆಗೆದುಬಿಟ್ಟೆ. ಗಾಳಿ ಅದನ್ನು ಹರಿದು ಬೇರೆಯವರ ಮೇಲೆ ಎಸೆಯುತ್ತದೆ. ಬೀಗ ಹಾಕುವ ಅಲ್ಯೂಮಿನಿಯಂ ಪೆಟ್ಟಿಗೆಗಳು ಬೋಲ್ಟ್ ಆಗಿವೆ.

ಟೈರ್ 10 ಪ್ಲೈ, ಅಂದರೆ ಭಾರ ಹೊರುವ ದಪ್ಪ ಟೈರು. ಚಂಡಮಾರುತ ಮುಗಿದ ಮೇಲಿನ ರಸ್ತೆ ಅಂದರೆ ಮೊಳೆಯ ಹಾಸಿಗೆ, ಹಾರಿಹೋದ ಚಾವಣಿಗಳ ಮೊಳೆಗಳೆಲ್ಲ ಅಲ್ಲೇ ಬಿದ್ದಿರುತ್ತವೆ. ಎರಡು ಸ್ಟೆಪ್ನಿ, ಪಂಕ್ಚರ್ ಕಿಟ್, 12 ವೋಲ್ಟಿನ ಕಂಪ್ರೆಸರ್ ಇದ್ದರೂ ಇನ್ನೂ ಒಂದು ಇರಲಿ ಅನ್ನಿಸುತ್ತದೆ. ಚೈನ್ ಸಾ 18 ಇಂಚಿನದು. ಅದಕ್ಕೆ ಹೆಲ್ಮೆಟ್, ಕಾಲಿಗೆ ಗಾರ್ಡ್ ಇಲ್ಲದೆ ಕೈ ಹಾಕುವುದಿಲ್ಲ, ಆಸ್ಪತ್ರೆ ತೆರೆದಿರುತ್ತದೆ ಅಂತ ನಂಬಲಾಗದು.

ಪೆಟ್ರೋಲ್ ಕ್ಯಾನ್‌ಗಳನ್ನು ಯಾವಾಗಲೂ ನೆಲಕ್ಕಿಳಿಸಿ ತುಂಬಿಸಬೇಕು. ಪ್ಲಾಸ್ಟಿಕ್ ಹಾಸಿದ ಬೆಡ್ ಮೇಲಿಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಿ ಬೆಂಕಿ ಹತ್ತಬಹುದು. ಪೆಟ್ರೋಲನ್ನು ಮೂರು ನಾಲ್ಕು ದಿನ ಮೊದಲೇ, ದೂರದ ಊರಿನಲ್ಲಿ ತುಂಬಿಸಿಕೊಳ್ಳುತ್ತೇನೆ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ ಸುತ್ತಲಿನ ಲಕ್ಷಾಂತರ ಜನ ಒಟ್ಟಿಗೆ ಹೊರಟಾಗ ರಸ್ತೆಗಳು ಗಂಟೆಗಟ್ಟಲೆ ನಿಂತುಹೋದವು, ಬಂಕ್‌ಗಳು ಖಾಲಿಯಾದವು, ಆ ಬಿಸಿಲಲ್ಲಿ ಜನ ಸತ್ತರು. ಓಡಿಹೋಗುತ್ತಿರುವ ಒಂದು ಕುಟುಂಬಕ್ಕೆ ಬೇಕಾದ ಪೆಟ್ರೋಲನ್ನು ನಾನು ಕೊಳ್ಳಬಾರದು. ಇದೇ ಕಾರಣಕ್ಕೆ ಗಾಡಿ ಮೇಲೆ ಮಿನುಗುವ ಹಳದಿ ದೀಪಗಳೂ ಇಲ್ಲ. ಅದನ್ನು ನೋಡಿ ಜನ ಸಹಾಯಕ್ಕೆ ಯಾರೋ ಬಂದರು ಅಂದುಕೊಳ್ಳುತ್ತಾರೆ.

ರೇಡಿಯೋ ಬಗ್ಗೆ ಚುಟುಕಾಗಿ: ಹವಾಮಾನ ರೇಡಿಯೋ 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ಚಾನೆಲ್, ಯಾರು ಬೇಕಾದರೂ ಕೇಳಬಹುದು. ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಹರಿಕೇನ್ ವಾಚ್ ನೆಟ್ 14.325 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ, ಅಳತೆಗಳನ್ನು ಅಲ್ಲಿ ಕೊಟ್ಟರೆ ಮಯಾಮಿಯ ಹರಿಕೇನ್ ಸೆಂಟರ್‌ವರೆಗೆ ತಲುಪುತ್ತದೆ. ಅಲ್ಲಿ ಮಾತಾಡಲು ಜನರಲ್ ದರ್ಜೆಯ ಲೈಸೆನ್ಸ್ ಬೇಕು. ಅದಕ್ಕಾಗಿಯೇ ಕೂತು ಓದಿ ಪರೀಕ್ಷೆ ಬರೆದೆ.

ಬೆರಿಲ್

2024ರ ಜುಲೈ ಮೊದಲ ವಾರ. ಬೆರಿಲ್ ಕೆರಿಬಿಯನ್‌ನಲ್ಲಿ 5ನೇ ದರ್ಜೆಗೆ, ಅಂದರೆ ಅತಿ ಜೋರಿನ ದರ್ಜೆಗೆ ಏರಿತ್ತು. ಅಟ್ಲಾಂಟಿಕ್‌ನಲ್ಲಿ ವರ್ಷದ ಅಷ್ಟು ಬೇಗ ಆ ದರ್ಜೆ ತಲುಪಿದ್ದು ದಾಖಲೆಯಲ್ಲೇ ಮೊದಲು. ಮೆಕ್ಸಿಕೋದ ಯುಕಟಾನ್ ದಾಟುವಾಗ ಸೊರಗಿತು. ಮುನ್ಸೂಚನೆ ಮೊದಲು ಟೆಕ್ಸಸ್‌ನ ದಕ್ಷಿಣ ತುದಿ ತೋರಿಸುತ್ತಿತ್ತು, ದಿನ ಕಳೆದಂತೆ ದಡದ ಉದ್ದಕ್ಕೂ ಮೇಲೆ ಮೇಲೆ ಸರಿದು ಮ್ಯಾಟಗೋರ್ಡಾ ಅನ್ನುವ ಕಡಲೂರಿಗೆ ಬಂತು. ನಾನು ಮತ್ತು ನನ್ನ ಜೊತೆಗಾರ ಭಾನುವಾರ ಬೆಳಗ್ಗೆ ಹ್ಯೂಸ್ಟನ್ ಹತ್ತಿರದ ದ್ವೀಪದ ಊರಾದ ಗ್ಯಾಲ್ವೆಸ್ಟನ್‌ಗೆ ಹೊರಟೆವು. ಕಣ್ಣಿನ ಬಲಗಡೆಯ ಜಾಗ ಅದು. ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ, ಆದರೆ ಕಣ್ಣು ಮೇಲೆ ಹಾಯುವುದಿಲ್ಲ. ಹೊಸದಾಗಿ ಸಜ್ಜಾದ ಗಾಡಿಯ ಮೊದಲ ನಿಜವಾದ ಪರೀಕ್ಷೆಗೆ ಅಷ್ಟು ಸಾಕು ಅನ್ನಿಸಿತು.

ಪಾರ್ಕಿಂಗ್ ಕಟ್ಟಡದವರ ಹತ್ತಿರ ಮೊದಲೇ ಒಪ್ಪಿಗೆ ಪಡೆದಿದ್ದೆವು. ಮೂರನೇ ಮಹಡಿ, ಮೆಟ್ಟಿಲ ಗೋಪುರದ ಕಾಂಕ್ರೀಟ್ ಗೋಡೆಯ ಮರೆ. ಗ್ಯಾಲ್ವೆಸ್ಟನ್‌ನ ಕಡಲ ಗೋಡೆ 17 ಅಡಿ ಎತ್ತರ ಇದೆ ನಿಜ. ಆದರೆ 2008ರಲ್ಲಿ ಐಕ್ ಬಂದಾಗ ನೀರು ಹಿಂದಿನ ಕೊಲ್ಲಿಯ ಕಡೆಯಿಂದ ಪೇಟೆಗೆ ನುಗ್ಗಿತ್ತು. ಹಾಗಾಗಿ ನೆಲಮಹಡಿಯ ಮಾತೇ ಇಲ್ಲ. ಸಂಜೆವರೆಗೆ ಕಡಲ ಗೋಡೆಯ ಹತ್ತಿರ ಬಯಲಲ್ಲಿ ನಿಂತು ಗಾಳಿ ಅಳೆದೆವು. ಮಾಪಕ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಕತ್ತಲಾಗುವ ಮೊದಲು ಒಳಗೆ ಹೋದೆವು.

ಬೆರಿಲ್ ಸೋಮವಾರ, ಜುಲೈ 8ರ ನಸುಕಿನಲ್ಲಿ ಮ್ಯಾಟಗೋರ್ಡಾ ಹತ್ತಿರ ದಡ ಮುಟ್ಟಿತು, 1ನೇ ದರ್ಜೆಯಲ್ಲಿ. ನಮ್ಮಲ್ಲಿ ಪೂರ್ವದಿಂದ ಬೀಸುತ್ತಿದ್ದ ಗಾಳಿ ಆಗ್ನೇಯಕ್ಕೆ, ಆಮೇಲೆ ದಕ್ಷಿಣಕ್ಕೆ ತಿರುಗಿತು. ಕಣ್ಣು ಎಡಗಡೆಯಿಂದ ದಾಟಿದರೆ ಹಾಗೇ ಆಗಬೇಕು. ವಾಯುಭಾರದ ಗೆರೆ ರಾತ್ರಿಯಿಡೀ ಇಳಿದು, ಬೆಳಗಿನ ಜಾವ ತಳ ಮುಟ್ಟಿ, ಏರತೊಡಗಿತು. ಬ್ಯಾಟರಿ ಕೊನೆಗೂ ಕಾಲು ಭಾಗ ಉಳಿದಿತ್ತು. ಎಂಜಿನ್ ಒಮ್ಮೆಯೂ ಸ್ಟಾರ್ಟ್ ಮಾಡಲಿಲ್ಲ, ಅಲಾರಂ ಒಮ್ಮೆಯೂ ಕೂಗಲಿಲ್ಲ. ನೀರಿನ ಬಾಟಲಿಯಲ್ಲಿ ಎರಡು ಚಮಚ ನೀರು ಸಿಕ್ಕಿತು, ಅದು ಸೆನ್ಸರ್‌ಗೆ ಹೋಗದೆ ಉಳಿದದ್ದು ನನಗೆ ದೊಡ್ಡ ಸಂತೋಷ.

ವಾಪಸ್ ಬಂದಾಗ ಹ್ಯೂಸ್ಟನ್ ಕತ್ತಲಲ್ಲಿತ್ತು. ಊರು ಮತ್ತು ಸುತ್ತಮುತ್ತ 20 ಲಕ್ಷಕ್ಕೂ ಜಾಸ್ತಿ ಗ್ರಾಹಕರಿಗೆ ಕರೆಂಟ್ ಇರಲಿಲ್ಲ, ಜುಲೈ ತಿಂಗಳ ಸೆಖೆ ಬೇರೆ. ನಮ್ಮ ಪರಿಚಯದ ಕನ್ನಡದವರ ಮನೆಯಲ್ಲಿ ಮಗಳ ಬಾಣಂತನಕ್ಕೆ ಅಂತ ಊರಿಂದ ಬಂದ ಅಮ್ಮ ಒಬ್ಬರಿದ್ದರು. ಅವರ ಇನ್ಸುಲಿನ್ ಫ್ರಿಜ್‌ನಲ್ಲೇ ಬೆಚ್ಚಗಾಗುತ್ತಿತ್ತು. ಗಾಡಿಯ ಬ್ಯಾಟರಿ ಮತ್ತು 12 ವೋಲ್ಟಿನ ಪುಟ್ಟ ಫ್ರಿಜ್ ಬಿಚ್ಚಿ ಅವರ ಮನೆಯಲ್ಲಿಟ್ಟೆ. "ಇದು ಎಷ್ಟು ದಿನ ನಡೆಯುತ್ತೆ ಮಗಾ?" ಅಂತ ಕೇಳಿದರು. "ದಿನಾ ಬಂದು ಚಾರ್ಜ್ ಮಾಡಿಕೊಡ್ತೀನಿ ಅಮ್ಮಾ, ನೀವು ಯೋಚನೆ ಮಾಡಬೇಡಿ" ಅಂದೆ. ಕರೆಂಟ್ ಬರುವವರೆಗೆ ಅದು ಅಲ್ಲೇ ಇತ್ತು.

ಇನ್ನು ಮುಂದಿನ ಕೆಲಸ

ಬೆರಿಲ್‌ನ ಅಂಕಿಗಳನ್ನು ಕೂತು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಸಂಜೆಯ ಗಾಳಿ ಲೆಕ್ಕ ಚೆನ್ನಾಗಿದೆ. ರಾತ್ರಿಯದು ಉಪಯೋಗವಿಲ್ಲ, ಕಟ್ಟಡದ ಕಂಬಗಳ ನಡುವೆ ನುಗ್ಗಿ ಸುಳಿಯುವ ಗಾಳಿ ಅದು. ಗಾಡಿ ಭದ್ರವಾಗಿರುವ ಜಾಗದಲ್ಲಿ ಗಾಳಿ ಅಳೆಯಲಾಗದು. ಗಾಳಿ ಅಳೆಯಬಹುದಾದ ಜಾಗದಲ್ಲಿ ಗಾಡಿ ನಿಲ್ಲಿಸಬಾರದು.

ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದವರು ಇದಕ್ಕೆ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಸ್ಟಿಕ್‌ನೆಟ್ ಅಂತ, ಮೂರು ಕಾಲಿನ ಸ್ಟ್ಯಾಂಡ್‌ಗಳ ಮೇಲೆ 2.25 ಮೀಟರ್ ಎತ್ತರದಲ್ಲಿ ಉಪಕರಣ ಇರುತ್ತದೆ. ಚಂಡಮಾರುತ ಬರುವ ಮೊದಲು ದಡದ ಉದ್ದಕ್ಕೂ ನೆಟ್ಟು, ಜನ ಸುರಕ್ಷಿತ ಜಾಗಕ್ಕೆ ಹೋಗಿಬಿಡುತ್ತಾರೆ. ನಾನೂ ಈಗ ಒಂದು ಮುಕ್ಕಾಲಿ ಮಾಡುತ್ತಿದ್ದೇನೆ. ಗಾಳಿಮಾಪಕ ಕಂಬದಿಂದ ಬಿಚ್ಚಿ ಅದಕ್ಕೆ ಕೂರಬೇಕು, ಗಿಲ್ ಪೋರ್ಟ್ ಮತ್ತು ಬ್ಯಾರೋಮೀಟರ್ ಗಾಡಿಯಲ್ಲೇ ಉಳಿಯಬೇಕು. ಕಾಲುಗಳಿಗೆ ಒಂದೂವರೆ ಇಂಚಿನ ಉಕ್ಕಿನ ಕೊಳವೆ, ಪ್ರತಿ ಪಾದಕ್ಕೂ ನೆಲಕ್ಕೆ ಹೊಡೆಯುವ ಎರಡೆರಡು ಗೂಟ. ಸ್ಟಾರ್‌ಲಿಂಕ್, ಲ್ಯಾಪ್‌ಟಾಪ್ ಇಲ್ಲದೆ ಬರೀ ಮಾಪಕ ಮತ್ತು ಮೆಮೊರಿ ಕಾರ್ಡ್ ಆದ್ದರಿಂದ ಸಣ್ಣ 20 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನ ನಡೆಸುತ್ತದೆ. ವೆಲ್ಡಿಂಗ್ ಮುಗಿದಿದೆ, ಕಲಾಯಿ ಹಾಕಿಸಲು ಕೊಟ್ಟಿದ್ದೇನೆ. ಮುಂದಿನ ಸೀಸನ್‌ಗೆ ಅದನ್ನು ಇಡೀ ಹೊರಿಸಲು ಬೆಡ್‌ನಲ್ಲಿ 60 ಪೌಂಡ್ ಜಾಗ ಮಾಡಬೇಕು. ಒಂದು ಪೆಟ್ರೋಲ್ ಕ್ಯಾನ್ ಮತ್ತು ಸರಪಳಿಯ ದಪ್ಪ ಕಟ್ಟು ಮನೆಯಲ್ಲೇ ಉಳಿಯುತ್ತವೆ.